ಪೂಜೆಗಿಟ್ಟ ಸ್ಪ್ಯಾನರ್‌ಗಳು

ಬಾಳ್ಳುಪೇಟೆಯ ಹೆದ್ದಾರಿ ಪಕ್ಕದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ದೇವೇಂದ್ರ ಎಂಜಿನ್ನಿಗೆ ಕೈ ಹಾಕುವ ಮೊದಲು ಮಾಲೀಕನ ಬಾಯಿ ಮುಚ್ಚಿಸುತ್ತಾನೆ. ಇಪ್ಪತ್ತು ವರ್ಷದಿಂದ ಅವನಲ್ಲೇ ಗಾಡಿ ರಿಪೇರಿ ಮಾಡಿಸುವ ನನ್ನದನ್ನೂ ಮುಚ್ಚಿಸಿದ್ದಾನೆ. ಎಂಜಿನ್ ತಣ್ಣಗಾಗಬೇಕು, ಗಾಡಿ ಸಮನೆಲದ ಮೇಲಿರಬೇಕು, ಆಮೇಲೆ ಕಡ್ಡಿ ಎಳೆದು ಆಯಿಲ್ ನೋಡಬೇಕು, ನೀರು, ಬೆಲ್ಟು ನೋಡಬೇಕು. ಕಾರಣ ಸಿಗುವವರೆಗೆ ಒಂದು ಬೋಲ್ಟನ್ನೂ ಬಿಚ್ಚುವಂತಿಲ್ಲ. ಅವಸರ ಮಾಡಿದವರು ಯಾರೇ ಆದರೂ ಮುಲಾಜು ನೋಡುವುದಿಲ್ಲ.

"ಆಯಿಲ್ ಕಪ್ಪಗಿದ್ರೆ ಬದಲಾಯಿಸಿದ್ರಾಯ್ತು. ಹಾಲು ಬೆರೆಸಿದ ಕಾಫಿ ಥರ ಐತಾ, ಒಳಗೆ ನೀರು ಸೇರೈತೆ ಅಂತ. ಆ ಗಾಡಿ ಅಲುಗಾಡಿಸ್ಬಾರ್ದು ಕಣ್ರೀ."

ಅಂಥವನು ಕಳೆದ ಆಯುಧಪೂಜೆಯ ದಿನ ಆ ಕ್ರಮ ತಪ್ಪಿದ. ಸ್ಪ್ಯಾನರು, ಜಾಕಿ ಎಲ್ಲವನ್ನೂ ತೊಳೆದು, ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವುದಿಲ್ಲ. ಆಗ ಕೆ. ಹೊಸಕೋಟೆಯಿಂದ ಅವನ ಅಕ್ಕ ಭದ್ರಮ್ಮನನ್ನು ಕೂರಿಸಿಕೊಂಡು ಅವಳ ಮಗ ಶಿವು ಬಂದ. ಅಕ್ಕನಿಗೆ ಬೆಳಗಿನಿಂದ ಎದೆಯುರಿ, ಹಾಸನದಲ್ಲಿ ತೋರಿಸಬೇಕಿತ್ತು. ಗ್ಯಾಸಿರಬೇಕು ಎಂದು ಅವಳೇ ನಗುತ್ತಿದ್ದಳು. ಕಾರಿನ ಹೀಟ್ ಮುಳ್ಳು ಮೇಲೇರಿತ್ತು. ದೇವೇಂದ್ರ ಸ್ವಲ್ಪ ಹೊತ್ತು ಆರಲು ಬಿಟ್ಟು ನೀರು ತುಂಬಿಸಿದ. ಮುಳ್ಳು ಇಳಿಯಿತು.

"ಹಾಸನದ ಗಂಟ ಏನೂ ಆಗಲ್ಲ, ಹೋಗು. ನಾಳೆ ಬಿಚ್ಚಿ ನೋಡ್ತೀನಿ" ಎಂದುಬಿಟ್ಟ.

ಪಾಳ್ಯ ದಾಟಿದ ಮೇಲೆ ಎಂಜಿನ್ ಜಾಮ್ ಆಯಿತು. ಹಬ್ಬದ ದಿನ ಬೇರೆ ಗಾಡಿ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಭದ್ರಮ್ಮ ದಾರಿಯಲ್ಲೇ ತೀರಿಕೊಂಡಳು.

ತಿಥಿ ಮುಗಿದ ಮೇಲೆ ಕಾರನ್ನು ಗ್ಯಾರೇಜಿಗೆ ಎಳೆದು ತಂದರು. ದೇವೇಂದ್ರ ಅದನ್ನು ಯಾರದೋ ಗಾಡಿಯ ಹಾಗೆ ಬಿಚ್ಚಿದ. ಗ್ಯಾಸ್ಕೆಟ್ ಹೋಗಿ ಒಳಗೆ ನೀರು ಸೇರಿತ್ತು, ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿತ್ತು. ಅವನು ಅಳಲಿಲ್ಲ, ಊಟ ಬಿಡಲಿಲ್ಲ. "ಏನೂ ಅನ್ನಿಸ್ತಾನೇ ಇಲ್ಲ ಕಣ್ರೀ" ಎಂದು ನನಗೆ ಹೇಳಿ, ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟ. ಶಿವುಗೆ ನಿಜ ಹೇಳಬೇಕು, ಹೇಳಿದರೆ ಅಕ್ಕನ ಮನೆಯ ಬಾಗಿಲು ತನಗೆ ಮುಚ್ಚೀತು, ಅದೊಂದೇ ಅವನ ತಲೆಯಲ್ಲಿತ್ತು.

ಕಾರು ಸಿದ್ಧವಾದ ದಿನ ನಾನು ಅಲ್ಲೇ ಇದ್ದೆ. ಶಿವು ಕೀಗೆ ಕೈ ಚಾಚಿದ. ದೇವೇಂದ್ರ ಕೊಡಲಿಲ್ಲ.

"ಅವತ್ತೇ ಗೊತ್ತಾಗ್ತಿತ್ತು ಕಣೋ. ಕಡ್ಡಿ ಎಳೆದು ನೋಡೋಕೆ ಸ್ಪ್ಯಾನರ್ ಬೇಕಾಗಿರ್ಲಿಲ್ಲ. ಹಬ್ಬ ಅಂತ ನಾನೇ ನೋಡ್ಲಿಲ್ಲ."

ಶಿವು ಚಾಚಿದ ಕೈಯನ್ನು ಬಾನೆಟ್ಟಿನ ಮೇಲಿಟ್ಟ.

"ಅದಕ್ಕೂ ಎಂಟು ದಿನ ಮುಂಚಿಂದ ನೀರು ಹುಯ್ಕೊಂಡೇ ಓಡಿಸ್ತಿದ್ದೆ ಮಾವ. ನೀನು ಬೈತೀಯ ಅಂತ ಹೇಳ್ಲಿಲ್ಲ."

ಈಗಲಾದರೂ ಬೈಯುತ್ತಾನೆ ಎಂದು ನಾನು ಕಾದೆ. ದೇವೇಂದ್ರ ಬೈಯಲಿಲ್ಲ, ಕೀ ಕೊಟ್ಟ. ಈ ಹಾಳು ಮನುಷ್ಯ ಒಂದೇ ಒಂದು ಸಲ ಬೈದಿದ್ದರೆ ಶಿವು ಅತ್ತಾದರೂ ಹಗುರಾಗುತ್ತಿದ್ದ.