ನೀರಿನ ಚಿತ್ರದೊಳಗೊಂದು ಕೆಂಪು ಬಳೆ

ಕುಕನೂರಿನ ಆ ಓಣಿಯಲ್ಲಿ ಇನ್ನೂ ಕಸ ಗುಡಿಸುವ ಸದ್ದು ಎದ್ದಿಲ್ಲ. ಮಹಡಿಯ ಸಣ್ಣ ಕೋಣೆಯಲ್ಲಿ ರಂಜಿತಾ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಾಳೆ. ಪಕ್ಕದಲ್ಲಿಟ್ಟ ಚಹಾ ಆರಿಹೋಗಿದೆ. ವಾಲ್ವ್ ತಿರುವುವವರು ಮನೆ ಬಿಡುವ ಮೊದಲೇ ಅವರ ಮೊಬೈಲಿಗೆ ಇವಳ ಚಿತ್ರ ಮುಟ್ಟಬೇಕು.

ಚಿತ್ರವೆಂದರೆ ಹೂವು ಹಕ್ಕಿಯದಲ್ಲ, ದೂರುಗಳದು. ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಯೋಜನೆಯೊಂದನ್ನು ನೋಡಿಕೊಳ್ಳುವ ಖಾಸಗಿ ಕಂಪನಿಯಲ್ಲಿ ಈಕೆಯದು ಗುತ್ತಿಗೆ ನೌಕರಿ. ಪೈಪು ಒಡೆದರೂ, ನಲ್ಲಿ ಬತ್ತಿದರೂ ದೂರು ಕಂಪ್ಯೂಟರ್ ಸೇರುತ್ತದೆ. ಮೋಟಾರು ಸುಟ್ಟು ಎರಡು ಊರಿಗೆ ನೀರು ನಿಂತರೆ ಮೋಟಾರಿನದು ತಾಯಿ ದೂರು, ಊರುಗಳವು ಮರಿ ದೂರು. ಮರಿಯನ್ನು ತಾಯಿಗೆ ಜೋಡಿಸಿಡುವುದು ಇಲ್ಲಿನ ರೂಢಿ. ರಂಜಿತಾ ಬರೆದ ಕೋಡ್ ಅವನ್ನೆಲ್ಲ ಎಳೆದು ತಂದು, ತಾಯಿಯ ಕೆಳಗೆ ಮರಿ, ಅದರ ಕೆಳಗೆ ಇನ್ನೊಂದು ಮರಿ ಎಂದು ಬೇರು ಬಿಟ್ಟಂತೆ ಬಿಡಿಸಿಡುತ್ತದೆ.

"ಮೊದಲ ಯಾ ಕಡೆ ಓಡಬೇಕಂತ ತಿಳೀತಿರಲಿಲ್ರಿ. ಈಗ ಚಿತ್ರ ನೋಡಿ ಸೈಕಲ್ ಹತ್ತತೀನಿ" ಎನ್ನುತ್ತಾರೆ ವಾಲ್ವ್‌ಮನ್ ಅಂದಪ್ಪ.

ಅಳವಂಡಿಯ ರೈತರ ಮನೆಯ ಈ ಹುಡುಗಿ ಸೇರಿದ್ದು ಜನರ ಫೋನ್ ಎತ್ತುವ ಕೆಲಸಕ್ಕೆ. ಕೋಡ್ ಬರೆಯಲು ಯಾರೂ ಹೇಳಲಿಲ್ಲ, ಬರೆದದ್ದಕ್ಕೆ ಶಹಬ್ಬಾಸ್ ಎನ್ನಲೂ ಇಲ್ಲ. "ಬೈಸ್ಕೊಳ್ಳೂದು ಭಾಳ ಆತ್ರಿ. ಬೈಯೋರದ್ದು ತಪ್ಪಿಲ್ಲ. ಅವ್ರ ದೂರು ಎಲ್ಲಿ ಸಿಕ್ಕೊಂಡೈತಿ ಅಂತಾದ್ರೂ ಹೇಳಾಕ ಬರಬೇಕಲ್ರಿ?"

ಬೇಸಿಗೆಯ ಒಂದು ದಿನ ಕರಿಯವ್ವ ಎಂಬಾಕೆಯ ಫೋನ್ ಬಂತು. ಇಟಗಿ ದಾರಿಯ ಪುಟ್ಟ ಊರಿನವರು. ಮೊಣಕಾಲು ಬೇನೆ, ಆದರೂ ಹೊಲದ ಬೋರಿನಿಂದ ಕೊಡ ಹೊರುವುದು ತಪ್ಪಿಲ್ಲ.

"ಚಳಿಗಾಲದಾಗ ದೂರು ಬರಿಸೀನಿ ಯವ್ವಾ. ನಮ್ಮ ನಲ್ಲೀದು ಎಲ್ಲೈತಿ ನೋಡು."

ರಂಜಿತಾ ನೋಡಿದಳು. ಚಿತ್ರದಲ್ಲಿ ಆ ಊರೇ ಇಲ್ಲ.

ಹುಡುಕಿದಾಗ ಬಯಲಾದದ್ದು ಇದು. ಮೋಟಾರು ಸರಿಯಾಗುವ ತನಕ ನಮ್ಮದೇನೂ ಇಲ್ಲವೆಂದು ಪೈಪಿನ ಗುತ್ತಿಗೆದಾರರು ತಮ್ಮ ದೂರನ್ನು ಮೋಟಾರಿನ ದೂರಿಗೆ ಮರಿ ಮಾಡಿದ್ದರು. ಪೈಪು ಸರಿಯಾಗಲಿ ಎಂದು ಮೋಟಾರಿನ ಗುತ್ತಿಗೆದಾರರು ತಮ್ಮದನ್ನು ಪೈಪಿನ ದೂರಿಗೆ ಮರಿ ಮಾಡಿದ್ದರು. ಕೈ ತೊಳೆದುಕೊಳ್ಳಲು ಎಂಥ ಉಪಾಯ! ಅದಕ್ಕೆ ಇದು ತಾಯಿ, ಇದಕ್ಕೆ ಅದು ತಾಯಿ. ರಂಜಿತಾಳ ಕೋಡ್ ಎಲ್ಲಕ್ಕಿಂತ ಮೇಲಿನ ತಾಯಿಯನ್ನು ಹಿಡಿದು ಕೆಳಗಿಳಿಯುವಂಥದ್ದು. ಇಲ್ಲಿ ಮೇಲೆ ಯಾರೂ ಇರಲಿಲ್ಲ. ಹೀಗಾಗಿ ಅದು ಈ ಜೋಡಿಯ ಕಡೆಗಾಗಲಿ, ಅದಕ್ಕೆ ಅಂಟಿದ್ದ ಕರಿಯವ್ವನ ನಲ್ಲಿಯ ಕಡೆಗಾಗಲಿ ಹಾಯಲೇ ಇಲ್ಲ.

"ಎಲ್ಲಾರೂ ಬಿಟ್ಟಂಗ ನನ್ನ ಕೋಡೂ ಆ ಅಮ್ಮನ್ನ ಬಿಟ್ಟಿತ್ರಿ" ಎನ್ನುತ್ತಾಳೆ ರಂಜಿತಾ.

ಅಂದೇ ಕೋಡ್ ತಿದ್ದಿದಳು. ಈಗ ಇಂಥ ಒಂದನ್ನೊಂದು ಸುತ್ತಿದ ಜೋಡಿ ಸಿಕ್ಕರೆ, ಅದಕ್ಕೆ ಅಂಟಿದ ಊರಿನ ಸಮೇತ ಚಿತ್ರದ ನೆತ್ತಿಯಲ್ಲೇ ಕೆಂಪು ಬಳೆಯಾಗಿ ಕೂರುತ್ತದೆ. ಸೂಪರ್‌ವೈಸರ್ ಪ್ರಭುರಾಜ ಅವರಿಗೆ ಅದು ಕಣ್ಣಿಗೆ ಚುಚ್ಚುತ್ತದೆ. "ಮ್ಯಾಲಿನವ್ರು ನೋಡ್ತಾರವಾ, ಅದೊಂದು ತಗದು ಕಳಸು" ಎಂದಿದ್ದಾರೆ. ಅವಳು ತೆಗೆದಿಲ್ಲ. ಈ ತಿಂಗಳಿಗೆ ಅವಳ ಗುತ್ತಿಗೆ ಮುಗಿಯುತ್ತದೆ. ಮುಂದಿನ ಮಾತು ಎತ್ತಿದರೆ ಪ್ರಭುರಾಜ ಮೊಬೈಲ್ ನೋಡತೊಡಗುತ್ತಾರೆ.

ನೀರು ಇನ್ನೂ ಬಂದಿಲ್ಲ. ಗುತ್ತಿಗೆದಾರರಿಬ್ಬರೂ ಒಬ್ಬರ ದಾರಿ ಒಬ್ಬರು ಕಾಯುತ್ತಿದ್ದಾರೆ. ಕರಿಯವ್ವನ ಫೋನ್ ಈಗಲೂ ಬರುತ್ತದೆ, ಆದರೆ ಅವರು ನೀರು ಕೇಳುವುದನ್ನು ಬಿಟ್ಟಿದ್ದಾರೆ. "ನಾವು ಇನ್ನೂ ಆ ಚಿತ್ರದಾಗ ಅದೀವೇನವಾ?" ಎಂದಷ್ಟೇ ಕೇಳುತ್ತಾರೆ.

ಬೆಳಕು ಹರಿಯಿತು. ಇಂದಿನ ಚಿತ್ರವನ್ನೂ ರಂಜಿತಾ ಬಳೆಯ ಸಮೇತ ಕಳಿಸುತ್ತಾಳೆ.

"ನನ್ನ ಇಟ್ಕೊಳ್ಲಿ, ಬಿಡ್ಲಿ. ಆ ಕೆಂಪು ಬಳಿ ಮಾತ್ರ ಯಾರೂ ಅಳಸಬಾರದ್ರಿ. ನೀರು ಬಂದ ದಿನ ಅದು ತಾನ ಹೋಗ್ತೈತಿ."