ನಾನು ಬಚ್ಚಿಟ್ಟ ನಾಲ್ಕನೆಯ ಕಟ್ಟು

ಅದು ನಲವತ್ಮೂರನೆಯ ಇಸವಿ. ನಮ್ಮ ಕುಷ್ಟಗಿಯಲ್ಲಿ ಆಗ ನಿಜಾಮರ ಆಳ್ವಿಕೆ. ಶಾಲೆಯಲ್ಲಿ ಉರ್ದು, ಕಚೇರಿಯಲ್ಲಿ ಉರ್ದು. ಕನ್ನಡ ಕಾದಂಬರಿ ಬೇಕೆಂದರೆ ಗದಗಿನಿಂದ ಯಾರಾದರೂ ತರಬೇಕು. ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನಾನು ಮಾಲು ತರಲು ಗದಗಿಗೆ ಹೋದಾಗಲೆಲ್ಲ ಒಂದೊಂದು ತರುತ್ತಿದ್ದೆ. ನನಗಾಗ ಇಪ್ಪತ್ತು ವರ್ಷ. ಊರಲ್ಲಿ ನನ್ನಷ್ಟು ಓದಿದವರಿಲ್ಲ ಎಂಬ ಸೊಕ್ಕು ಬೇರೆ.

ಓದುವವರು ಮೂವರು. ನಾನು, ಪಕ್ಕದ ಮನೆಯ ಗೌರಕ್ಕ, ನಮ್ಮ ಅಂಗಡಿ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಖಾದರಸಾಬರು. ಇರುವುದು ಒಂದೇ ಪುಸ್ತಕ, ಕಾಯುವ ತಾಳ್ಮೆ ಯಾರಿಗೂ ಇಲ್ಲ. ಹಾಗಾಗಿ ಖಾದರಸಾಬರು ಅದರ ಹೊಲಿಗೆ ಬಿಚ್ಚಿ ನಾಲ್ಕು ಕಟ್ಟು ಮಾಡಿಕೊಡುತ್ತಿದ್ದರು. ಒಂದೊಂದೇ ಕಟ್ಟು ನನ್ನಿಂದ ಗೌರಕ್ಕನಿಗೆ, ಅವಳಿಂದ ಖಾದರಸಾಬರಿಗೆ. ಎಲ್ಲರದೂ ಮುಗಿದ ಮೇಲೆ ಅವರು ದಪ್ಪ ಸೂಜಿಯಿಂದ ಮತ್ತೆ ಹೊಲಿದು ಗೌರಕ್ಕನ ಮನೆಗೆ ಕಳಿಸುತ್ತಿದ್ದರು. ಪುಸ್ತಕಗಳೆಲ್ಲ ಇರುತ್ತಿದ್ದದ್ದು ಅವಳ ಅಡುಗೆಮನೆಯ ಗೋಡೆಗೂಡಿನಲ್ಲಿ. ಮೊದಲು ಓದುವವನು ನಾನಾದ್ದರಿಂದ, ಓದಬೇಕೋ ಬೇಡವೋ ಎಂದು ಹೇಳುವ ದೊಡ್ಡಸ್ತಿಕೆಯೂ ನನ್ನದೇ.

ಗೌರಕ್ಕ ನನಗಿಂತ ಐದಾರು ವರ್ಷ ದೊಡ್ಡವಳು. ಹತ್ತಿ ಮಾರಲು ರಾಯಚೂರಿಗೆ ಹೋದ ಗಂಡ ಕಾಲರಾ ಬಡಿದು ಅಲ್ಲೇ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಷರ ಕಲಿಸಿದವನೂ ಅವನೇ. ಮಾವನ ಮನೆಯಲ್ಲಿ ಹೊಸ್ತಿಲು ದಾಟುವುದೇ ಅಪರೂಪವಾಗಿದ್ದ ಅವಳಿಗೆ ಓದೊಂದೇ ಉಳಿದಿತ್ತು.

ಆ ಸಲದ ಕಾದಂಬರಿಯ ನಾಯಕಿಯೂ ಎಳೆಯ ವಿಧವೆ. ಮೊದಲ ಕಟ್ಟು ಮುಗಿಸಿ ಹಿತ್ತಲ ಗೋಡೆಯ ಮೇಲಿಂದ ಕೊಡುತ್ತಾ, ‘ಇಂಥಾದ್ದು ನೀ ಓದಿಲ್ಲಕ್ಕ, ಬಿಡಬ್ಯಾಡ’ ಎಂದೆ. ಅವಳಿಗೆ ಹುಚ್ಚೇ ಹಿಡಿಯಿತು. ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಮುಂದಿನ ಕಟ್ಟು ಕೇಳುತ್ತಿದ್ದಳು. ಜೋಳ ಬೀಸಲು ಬಂದ ಹೆಂಗಸರಿಗೆಲ್ಲ ಅದೇ ಕಥೆ.

ನಾಲ್ಕನೆಯ ಕಟ್ಟು ಓದಿದೆ. ನಾಯಕಿ ಬಾವಿಗೆ ಬೀಳುತ್ತಾಳೆ. ಇದನ್ನು ಗೌರಕ್ಕನ ಕೈಗೆ ಹೇಗೆ ಕೊಡುವುದು? ಕಟ್ಟನ್ನು ಇಲಿ ಕಡಿದು ಹಾಳು ಮಾಡಿತು ಎಂದು ಸುಳ್ಳು ಹೇಳಿ, ಬಾಯಿಂದಲೇ ಒಂದು ಕೊನೆ ಕಟ್ಟಿದೆ. ನಾಯಕಿ ತವರಿಗೆ ಹೋಗಿ ಹೆಣ್ಣುಮಕ್ಕಳಿಗೆ ಶಾಲೆ ತೆರೆಯುತ್ತಾಳೆ ಎಂದೆ. ಗೌರಕ್ಕ ನಕ್ಕಳು. ಆ ನಗು ನೋಡಿ ನಾನು ಬೀಗಿಹೋದೆ.

ನಾಲ್ಕನೆಯ ಕಟ್ಟನ್ನು ನೇರವಾಗಿ ಖಾದರಸಾಬರಿಗೆ ಕೊಟ್ಟೆ. ಅವರು ಓದಿದರು, ಹೊಲಿದರು, ಎಂದಿನಂತೆ ಗೌರಕ್ಕನ ಮನೆಗೆ ಕಳಿಸಿದರು. ಹಾಗಾಗುತ್ತದೆ ಎಂಬುದು ಈ ಜಾಣನಿಗೆ ಹೊಳೆದೇ ಇರಲಿಲ್ಲ.

ಎರಡು ದಿನ ಬಿಟ್ಟು ಗೌರಕ್ಕ ಗೋಡೆಯ ಬಳಿ ಕರೆದಳು. ಬೈಯಲಿಲ್ಲ. ನಾನು ಹೇಳಿದ ಕೊನೆಯನ್ನು ಬೀಸುಕಲ್ಲಿನ ಮುಂದೆ ನಾಲ್ಕು ಮಂದಿಗೆ ಹೇಳಿ ಹಿಗ್ಗಿದ್ದಳಂತೆ. ನಿನಗೆ ನೋವಾಗಬಾರದೆಂದು ಮಾಡಿದೆ ಅಕ್ಕಾ ಎಂದು ನಾನು ತೊದಲಿದೆ.

‘ಅವರು ಸತ್ತಾಗಲೂ ಎಲ್ಲಾರೂ ಹಿಂಗ ಅಂದ್ರು ತಮ್ಮಾ’ ಎಂದಳು. ‘ಊರಿಗೆಲ್ಲ ಗೊತ್ತಿತ್ತು. ನಾ ಒಬ್ಬಾಕಿ ಮೂರು ದಿನ ಕುಂಕುಮ ಹಚ್ಕೊಂಡು ದಾರಿ ನೋಡಿದೆ. ನೀನೂ ಹಂಗ ಮಾಡಿದೆಲ್ಲ.’



ಮುಂದಿನ ತಿಂಗಳು ಅವಳ ಅಣ್ಣ ತವರಾದ ಯಲಬುರ್ಗಿಗೆ ಕರೆದೊಯ್ಯಲು ಬಂದ. ಬಂಡಿ ಹೂಡುವ ಮೊದಲು ಗೋಡೆಯ ಮೇಲಿಂದ ಒಂದು ಹೊಸ ಕಾದಂಬರಿ ಚಾಚಿದೆ. ಹೊಲಿಗೆ ಬಿಚ್ಚಿರಲಿಲ್ಲ. ಬಹಳ ಚೆನ್ನಾಗಿದೆ ಎಂದೆ. ಗೌರಕ್ಕ ಮೊದಲು ಕೊನೆಯ ಹಾಳೆ ಇದೆಯೋ ಎಂದು ತಿರುವಿ ನೋಡಿದಳು. ಇತ್ತು. ಆದರೂ ಪುಸ್ತಕವನ್ನು ಗೋಡೆಯ ಮೇಲೇ ಇಟ್ಟು, ‘ಖಾದರಸಾಬರು ಓದಿ ಹೇಳಲಿ’ ಎಂದು ಒಳಗೆ ಹೋದಳು.

ಮತ್ತೆ ಅವಳನ್ನು ನಾನು ನೋಡಲಿಲ್ಲ. ಯಾವುದಾದರೂ ಒಳ್ಳೆಯ ಕಾದಂಬರಿ ಹೇಳಿ ಎಂದು ಇಂದಿಗೂ ಯಾರಾದರೂ ಕೇಳಿದರೆ ಹೆಸರಷ್ಟೇ ಹೇಳಿ ಸುಮ್ಮನಾಗುತ್ತೇನೆ. ಆ ದಿನ ಗೋಡೆಯ ಬಳಿ ತಪ್ಪಾಯಿತು ಅಕ್ಕಾ ಎನ್ನಬೇಕಿತ್ತು. ಅದನ್ನು ಬಿಟ್ಟು ನಾನು ಪುಸ್ತಕ ಕೊಡಲು ಹೋದೆ.