ಗಿರಿಜಕ್ಕ ಎಬ್ಬಿಸಿದ ಕಂಪ್ಯೂಟರ್

ಅಹಮದಾಬಾದಿನ ಮಣಿನಗರದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಕೆಳಗಿನ ಮನೆ ಗಿರಿಜಕ್ಕನದು. ವಟ್ವಾದ ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಸಂಜೆ ಕೈಗೆ ಹತ್ತಿದ ಕೆಂಪು ತೊಳೆದುಕೊಂಡು ಕೆಳಗಿಳಿದರೆ ಬಿಸಿ ರೊಟ್ಟಿಯೂ ಗದುಗಿನ ಮಾತೂ ಸಿಗುತ್ತಿದ್ದವು. ಹಳ್ಳಿ ಬಿಟ್ಟು ಅಷ್ಟು ದೂರ ಬಂದವನಿಗೆ ಆ ಎರಡೂ ಬೇಕಾಗಿದ್ದವು. ಅಕ್ಕನ ಯಜಮಾನರು ಲಕ್ಷ್ಮೀನಾರಾಯಣರಾಯರು ಗೂಡ್ಸ್ ಗಾಡಿಯ ಗಾರ್ಡ್. ವಡೋದರಾ, ಸೂರತ್ ಎಂದು ಹೋದರೆ ಮರುದಿನವೇ ಬರುವುದು.

ಅಕ್ಕ ಪಿಯುಸಿ ಓದಿ, ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸಾಗಿದ್ದರು. ಗುಜರಾತಿಗೆ ಬಂದ ಮೇಲೆ ಮನೆಯಲ್ಲೇ ವಿದ್ಯಾರ್ಥಿಗಳ ಪ್ರಬಂಧ ಟೈಪ್ ಮಾಡಿಕೊಡುತ್ತಿದ್ದರು. ಮುಂದೆ ಕಂಪ್ಯೂಟರ್ ತರಗತಿಗೂ ಸೇರಿದರು. ೧೯೯೭ರಲ್ಲಿ ವಿಂಡೋಸ್ ೯೫ ಇದ್ದ ಒಂದು ಕಂಪ್ಯೂಟರ್ ಮನೆಗೆ ಬಂತು. ಅದಕ್ಕೆ ಕಸೂತಿಯ ಹೊದಿಕೆ ಹೊಲಿದದ್ದೂ ಅವರೇ.

ಆ ವರ್ಷ ಜಿಗೀಷಾ ಎಂಬ ಹುಡುಗಿಯ ಪ್ರಬಂಧ ಅವರ ಕೈಯಲ್ಲಿತ್ತು. ಸೂರತ್ತಿನ ಕತಾರ್‌ಗಾಮ್‌ನಲ್ಲಿ ವಜ್ರ ಉಜ್ಜುವವರ ಕಣ್ಣಿನ ತೊಂದರೆಯ ಬಗ್ಗೆ ಅವಳು ಓಡಾಡಿ ಬರೆದದ್ದು. ದೀಪಾವಳಿ ಕಳೆದೊಡನೆ ಅವಳ ಮದುವೆ. ರಜೆಗೆ ವಿಶ್ವವಿದ್ಯಾಲಯ ಮುಚ್ಚುವುದರೊಳಗೆ ಪ್ರಬಂಧ ಕೊಡಲೇಬೇಕಿತ್ತು. "ಗಿರಿಜಾಬೆನ್, ಅತ್ತೆಮನೆಗೆ ಹೋದಮೇಲೆ ನನ್ನನ್ನು ಯಾರು ಓದಲು ಬಿಡುತ್ತಾರೆ?" ಎಂದು ಹಿಂದಿಯಲ್ಲಿ ಕೇಳಿ ನಗುತ್ತಿದ್ದಳು. ಆ ನಗುವಿನಲ್ಲಿ ಅಳುಕಿತ್ತು.

ವಿಶ್ವವಿದ್ಯಾಲಯ ಮುಚ್ಚುವ ಹಿಂದಿನ ದಿನ, ನನಗೆ ವಾರದ ರಜೆ. ಬೆಳಿಗ್ಗೆ ಅಕ್ಕ ಮೆಟ್ಟಿಲ ಬುಡದಿಂದ ಕೂಗಿದರು.

"ಬಸವರಾಜಾ, ಲಗೂ ಬಾರಪಾ. ಕಂಪ್ಯೂಟರ್ ಏಳವಲ್ದು!"

ಕಪ್ಪು ಪರದೆಯ ಮೇಲೆ ಆಪರೇಟಿಂಗ್ ಸಿಸ್ಟಮ್ ಇಲ್ಲವೆಂಬ ಒಂದೇ ಇಂಗ್ಲಿಷ್ ಸಾಲು. ಹಿಂದಿನ ಸಂಜೆ ಜಿಗೀಷಾ ತಂದ ಫ್ಲಾಪಿ ಒಳಗೇ ಉಳಿದಿತ್ತು. ಅದನ್ನು ತೆಗೆಯದೆ ಅಕ್ಕ ಸ್ವಿಚ್ ಹಾಕಿದ್ದರು. ಈಗ ಫ್ಲಾಪಿ ತೆಗೆದು ಮತ್ತೆ ಚಾಲೂ ಮಾಡಿದರೂ ಅದೇ ಸಾಲು: ಅದರಲ್ಲಿದ್ದ ವೈರಸ್ಸು ಹಾರ್ಡ್ ಡಿಸ್ಕಿನ ಬೂಟ್ ರೆಕಾರ್ಡನ್ನೇ ಕೆಡಿಸಿತ್ತು. ಡಿಸ್ಕಿನ ಮೊಟ್ಟಮೊದಲ ಚೂರಿನಲ್ಲಿರುವ ಅದು ಸರಿಯಿದ್ದರೆ ಮಾತ್ರ ವಿಂಡೋಸ್ ಏಳುತ್ತದೆ. ವಿಂಡೋಸ್ ಹದಗೆಟ್ಟಾಗ ಎಫ್-ಎಂಟು ಕೀಲಿ ಒತ್ತಿದರೆ ಸರಿಪಡಿಸುವ ಮೆನು ಬರುತ್ತಿತ್ತು. ಈಗ ಅಲ್ಲಿಯತನಕ ಹೋಗಲಿಕ್ಕೂ ದಾರಿಯಿರಲಿಲ್ಲ.

ಕಂಪ್ಯೂಟರ್ ಮಾರಿದ ಮಿಹಿರ್‌ಭಾಯಿಗೆ ಫೋನ್ ಮಾಡಿದರೆ, "ಫಾರ್ಮ್ಯಾಟ್ ಮಾಡಬೇಕು ಬೆನ್, ಎಲ್ಲಾ ಅಳಿಸಿ ಹೊಸದಾಗಿ ಹಾಕೋಣ" ಎಂದ.

"ಎಲ್ಲಾ ಅಳಿಸಿದ್ರ ಹುಡುಗಿ ಪ್ರಬಂಧ?" ಅಕ್ಕ ಫೋನಿಟ್ಟರು. ಅಧ್ಯಾಯಗಳ ಜೊತೆ ಚಿತ್ರಗಳೂ ಸೇರಿ ಆ ಫೈಲು ಫ್ಲಾಪಿಯಲ್ಲಿ ಹಿಡಿಸದಷ್ಟು ದೊಡ್ಡದಾಗಿತ್ತು. ಹಾಗಾಗಿ ಬೇರೆ ಪ್ರತಿಯೇ ಇರಲಿಲ್ಲ.

ಇಂಥ ಹೊತ್ತಿಗೆಂದೇ ಅಕ್ಕ ಕಂಪ್ಯೂಟರನ್ನು ಎಬ್ಬಿಸುವ ಒಂದು ಬೂಟ್ ಫ್ಲಾಪಿ ಮಾಡಿಟ್ಟಿದ್ದರು. ಅದನ್ನು ಹಾಕಿದರೆ ಡ್ರೈವು ಕರಕರ ಎಂದಿತು, ಓದಲಿಲ್ಲ. ತೆಗೆದು ನೋಡಿದರೆ ಒಳಗೆಲ್ಲ ಕೆಂಪು.

"ಖಂಡೇನವಮಿಗೆ ಪೂಜಾ ಮಾಡಿದ್ನಲ್ಲೋ" ಎಂದರು ಅಕ್ಕ, ದನಿಯೇ ಇಳಿದುಹೋಗಿತ್ತು.

ಆ ಆಯುಧಪೂಜೆಯಂದು ರಾಯರ ಸೀಟಿ, ದೀಪ, ಬಾವುಟಗಳ ಜೊತೆ ಕಂಪ್ಯೂಟರಿಗೂ ಪೂಜೆಯಾಗಿತ್ತು. ಆಪತ್ತಿಗಾಗುವ ಫ್ಲಾಪಿಗೆ ವಿಶೇಷ ಮರ್ಯಾದೆ: ಅದರ ತಗಡಿನ ಬಾಗಿಲು ಸರಿಸಿ, ಹಣೆಗೆ ಇಟ್ಟಂತೆ ಕುಂಕುಮ ಇಟ್ಟಿದ್ದರು.

ಆಗಷ್ಟೇ ಡ್ಯೂಟಿಯಿಂದ ಬಂದಿದ್ದ ರಾಯರು ಬೂಟು ಬಿಚ್ಚುತ್ತ, "ನನ್ನ ಸೀಟಿಗೆ ಹಚ್ಚಿದ್ದನ್ನ ಒರೆಸಿ ಊದಬಹುದು. ಇದನ್ನ ಹೆಂಗ ಊದ್ತೀ?" ಎಂದರು.

"ನೀವು ಸುಮ್ನ ಚಾ ಮಾಡ್ರಿ" ಎಂದರು ಅಕ್ಕ. ರಾಯರು ಅಡುಗೆಮನೆಗೆ ಹೋದರು.

ನಮ್ಮ ಕಾರ್ಖಾನೆಯ ಕಚೇರಿಯಲ್ಲೂ ವಿಂಡೋಸ್ ೯೫ ಇದ್ದ ಕಂಪ್ಯೂಟರಿತ್ತು. ಹೊಸ ಫ್ಲಾಪಿ ಕೊಂಡು ಸೈಕಲ್ ಹತ್ತಿ ವಟ್ವಾಕ್ಕೆ ಹೋದೆ. ಅಲ್ಲಿಯ ಗುಮಾಸ್ತರನ್ನು ಕೇಳಿಕೊಂಡು ಬೂಟ್ ಫ್ಲಾಪಿ ಮಾಡಿಸಿ ತಂದೆ. ವಾಪಸು ಬರುವಷ್ಟರಲ್ಲಿ ಜಿಗೀಷಾ ಬಂದು, ಕುರ್ಚಿಯ ತುದಿಯಲ್ಲಿ ಕೂತು ದುಪಟ್ಟಾದ ಅಂಚು ಸುತ್ತುತ್ತಿದ್ದಳು.

ಫ್ಲಾಪಿಯಿಂದ ಕಂಪ್ಯೂಟರ್ ಎದ್ದಿತು. ಅಕ್ಕ ಮೊದಲು ಡಿಸ್ಕಿನಲ್ಲಿರುವ ಹೆಸರುಗಳನ್ನು ತರಿಸಿ ನೋಡಿದರು. ಸಾಲಾಗಿ ಬಂದವು; ನಡುವೆ ಜಿಗೀಷಾಳ ಹೆಸರೂ ಇತ್ತು.

"ಅದ. ಒಳಗ ಅದ" ಎಂದರು. ಆಮೇಲೆ ಬೂಟ್ ರೆಕಾರ್ಡನ್ನು ಹೊಸದಾಗಿ ಬರೆಯಲೆಂದು ತರಗತಿಯಲ್ಲಿ ಕಲಿತಿದ್ದ ಆಜ್ಞೆಯನ್ನು ಒಂದೊಂದೇ ಅಕ್ಷರ ಒತ್ತಿ ಬರೆದರು: ಎಫ್‌ಡಿಸ್ಕ್, ಓರೆಗೆರೆ, ಎಂಬಿಆರ್. ಎಂಟರ್ ಒತ್ತುವ ಮೊದಲು ಬೆರಳು ನಿಂತಿತು.

"ತಪ್ಪಾದ್ರ ಏನ್ರೀ ಅಕ್ಕಾರ?" ಎಂದೆ.

"ತಪ್ಪಾದ್ರ ಆ ಹುಡುಗಿ ಮುಖ ನಾನೇ ನೋಡಬೇಕು" ಎಂದು ಒತ್ತಿಬಿಟ್ಟರು.

ಕಂಪ್ಯೂಟರು ಏನನ್ನೂ ಹೇಳಲಿಲ್ಲ. ಫ್ಲಾಪಿ ತೆಗೆದು ಮತ್ತೆ ಚಾಲೂ ಮಾಡಿದರು. ವಿಂಡೋಸ್ ಶುರುವಾಗುತ್ತಿದೆ ಎಂಬ ಸಾಲು ಬಂದೊಡನೆ ಎಫ್-ಎಂಟು ಒತ್ತಿದರು. ಮೆನು ಬಂತು! ಸೇಫ್ ಮೋಡಿನಲ್ಲಿ ಒಳಹೊಕ್ಕು ಕೆಟ್ಟದ್ದನ್ನು ಸರಿಪಡಿಸಿ, ಮತ್ತೊಮ್ಮೆ ಚಾಲೂ ಮಾಡಿ ಪ್ರಬಂಧ ತೆರೆದರು. ಜಿಗೀಷಾ ಪರದೆಗೆ ಮೂಗು ತಾಗುವಷ್ಟು ಬಗ್ಗಿ ತನ್ನ ವಾಕ್ಯಗಳನ್ನು ಓದಿದಳು.

ಮಧ್ಯಾಹ್ನವೆಲ್ಲ ಪ್ರಿಂಟರಿನ ಕಿರ್ರೆಂಬ ಸದ್ದು. ಹಾಳೆಗಳ ತೂತುಗಳಿದ್ದ ಅಂಚು ಹರಿಯುವ ಕೆಲಸ ನನಗೆ, ಜೋಡಿಸುವ ಕೆಲಸ ರಾಯರಿಗೆ. "ಬೆನ್, ಇದಕ್ಕೇನಾಗಿತ್ತು?" ಎಂದು ಜಿಗೀಷಾ ಕೇಳಿದಾಗ ಅಕ್ಕ, "ಯಂತ್ರ ಅಲ್ವಾ, ಒಮ್ಮೊಮ್ಮೆ ಹಟ ಮಾಡ್ತದೆ" ಎಂದು ಹಿಂದಿಯಲ್ಲಿ ಹೇಳಿ ಮಾತು ಮುಗಿಸಿದರು.

ಅವಳು ಹಾಳೆಗಳನ್ನು ಎದೆಗವಚಿಕೊಂಡು ರಿಕ್ಷಾ ಹತ್ತಿ ಬೈಂಡಿಂಗ್ ಅಂಗಡಿಗೆ ಹೋದ ಮೇಲೆ ಕೇಳಿದೆ: "ವೈರಸ್ ಬಂದದ್ದು ಅವಳ ಫ್ಲಾಪಿಯಿಂದ ಅಂತ ಯಾಕ ಹೇಳಲಿಲ್ಲ?"

"ಮದುವಿಗೆ ಹೊಂಟ ಹುಡುಗಿ. ತಪ್ಪು ಹೊರಿಸಿ ಕಳಸಾಕ ಆಗ್ತದೇನೋ?" ಎಂದು ಅಕ್ಕ ನನ್ನ ಮುಂದಿದ್ದ ಕಾಗದದ ಚೂರುಗಳನ್ನು ಗುಡಿಸತೊಡಗಿದರು.

ಮರುದಿನ ಸಂಜೆ ಜಿಗೀಷಾಳ ಫೋನು ಬಂತು. ಪ್ರಬಂಧ ಕೊಟ್ಟಾಗಿತ್ತು.